ಎರಡು ಕಡಲಿಗೆ ಹರಿಯುವ ಜಿಲ್ಲೆ

ಧಾರವಾಡ ಜಿಲ್ಲೆಯಲ್ಲಿ ನಿಂತು ‘ಸಮುದ್ರ ಯಾವ ಕಡೆ?’ ಎಂದು ಕೇಳಿದರೆ ಎರಡೂ ದಿಕ್ಕಿಗೆ ಕೈ ತೋರಿಸಬಹುದು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಕಲಘಟಗಿ ಸೀಮೆಗೆ ಇಳಿದು ಬೇಡ್ತಿ ಆಗುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಇದೇ ಜಿಲ್ಲೆಯ ಕುಂದಗೋಳ, ನವಲಗುಂದದ ಮಳೆ ಬೆಣ್ಣಿಹಳ್ಳದ ಪಾಲು. ಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೃಷ್ಣೆ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ.

ಸೀಗಿ ಹುಣ್ಣಿಮೆಗೆ ನವಲಗುಂದದ ಕಡೆ ಇರುವ ಕಾಕಾನ ಊರಿಗೆ ಹೋಗೋದಿತ್ತು. ಒಂದು ದಿನ ಮೊದಲೇ ರಜೆ ಹಾಕಿ, ಹುಬ್ಬಳ್ಳಿಯ ಗೆಳೆಯನ ಸ್ಕೂಟರ್ ಇಸಿದುಕೊಂಡು, ಪಶ್ಚಿಮದ ಕಲಘಟಗಿಯಿಂದ ಪೂರ್ವದ ನವಲಗುಂದದವರೆಗೆ ಜಿಲ್ಲೆಯನ್ನು ಅಡ್ಡಡ್ಡ ದಾಟುವುದು ಎಂದು ನಿರ್ಧರಿಸಿದೆ. ಬ್ಯಾಗಿನಲ್ಲಿ ಒಂದು ಕಟ್ಟು ಪಿಎಚ್ ಕಾಗದ, ಒಂದು ಬಾಟಲಿ ಬ್ಯಾಟರಿ ನೀರು, ಎರಡು ಸ್ಟೀಲ್ ಲೋಟ.

ಇದೇನು ಹುಚ್ಚು ಅಂದಿರಾ? ಬೆಂಗಳೂರಿನಲ್ಲಿ ನಾನು ಮಾಡೋದು ಅಂದಾಜಿನ ಕೆಲಸ. ಹಿಂದಿನ ಮೂರು ವರ್ಷದ ಲೆಕ್ಕ ಇಟ್ಟುಕೊಂಡು ಮುಂದಿನ ಮೂರು ತಿಂಗಳಿಗೆ ಎಷ್ಟು ಆರ್ಡರ್ ಬರುತ್ತವೆ ಅಂತ ಹೇಳಬೇಕು. ಅಷ್ಟಕ್ಕೇ ತಲೆ ಬಿಸಿ. ಹೀಗಿರುವಾಗ ಸಮುದ್ರದ ನೀರಿನ ಗುಣ 2100ರಲ್ಲಿ ಹೇಗಿರುತ್ತದೆ ಎಂದು ಲೆಕ್ಕ ಹಾಕುವವರ ಬಗ್ಗೆ ಓದಿದೆ. ಹೊಟ್ಟೆಕಿಚ್ಚು, ಅನುಮಾನ ಎರಡೂ ಒಟ್ಟಿಗೇ ಬಂದವು. ಅವರ ಲೆಕ್ಕ ನಿಂತಿರುವುದು ಪಿಎಚ್ ಎಂಬ ಒಂದು ಅಂಕಿಯ ಮೇಲೆ. ಸಮುದ್ರ ಇಲ್ಲದ ನಮ್ಮ ಕಡೆ ರೈತರ ಮನೆಯ ಮಣ್ಣು ಪರೀಕ್ಷೆ ಚೀಟಿಯಲ್ಲೂ ಅದೇ ಅಂಕಿ ಇರುತ್ತದೆ. ಅಲ್ಲಿಂದಲೇ ಶುರು ಮಾಡೋಣ ಅನ್ನಿಸಿತು.

ಕಲಘಟಗಿ: ಹುಳಿ ಮಣ್ಣು

ಹುಬ್ಬಳ್ಳಿ ಬಿಟ್ಟು ಕಲಘಟಗಿ ದಾರಿ ಹಿಡಿದರೆ ಮಣ್ಣಿನ ಬಣ್ಣ ನಿಧಾನಕ್ಕೆ ಕೆಂಪಾಗುತ್ತದೆ. ಗೋವಿನಜೋಳ, ಭತ್ತದ ಗದ್ದೆ, ಮಾವಿನ ತೋಪು, ಆಚೆ ಮಲೆನಾಡಿನ ಸೆರಗು. ಊರು ಬಣ್ಣದ ತೊಟ್ಟಿಲಿಗೆ ಹೆಸರುವಾಸಿ. ಅರಗು, ಬಣ್ಣ ಹಚ್ಚಿದ ಕಲಘಟಗಿ ತೊಟ್ಟಿಲು ತವರಿನಿಂದ ಬಂತೆಂದರೆ ನಮ್ಮ ಕಡೆ ಅದೊಂದು ದೊಡ್ಡ ಮಾತು.

ರಸ್ತೆ ಪಕ್ಕದ ಹೊಲದ ಯಜಮಾನರನ್ನು ಕೇಳಿ ಒಂದು ಹಿಡಿ ಮಸಾರಿ ಮಣ್ಣು ತಗೊಂಡೆ. ಬ್ಯಾಟರಿ ನೀರಿನಲ್ಲಿ ಕಲಸಿ, ತಿಳಿಯಾಗಲು ಬಿಟ್ಟು, ಕಾಗದ ಅದ್ದಿದೆ. ಹಳದಿಯತ್ತ ತಿರುಗಿತು. ಡಬ್ಬಿಯ ಮೇಲಿನ ಪಟ್ಟಿಗೆ ಹಿಡಿದರೆ 6ರ ಆಸುಪಾಸು.

“ಇದು ಹುಳಿ ಮಣ್ಣ್ರಿ. ಸುಣ್ಣ ಹಾಕ್ರಿ ಅಂತ ಹೇಳತಾರ” ಎಂದರು ಯಜಮಾನರು. ಕಾಗದ ನೋಡುವ ಮೊದಲೇ ಅವರಿಗೆ ಗೊತ್ತಿತ್ತು.

ಪಿಎಚ್ ಪಟ್ಟಿಯಲ್ಲಿ 7 ನಟ್ಟನಡುವೆ. ಕೆಳಗಿಳಿದರೆ ಆಮ್ಲ, ಮೇಲೇರಿದರೆ ಕ್ಷಾರ. ಈ ಮೆಟ್ಟಿಲುಗಳು ಸಮ ಎತ್ತರದವಲ್ಲ ಅನ್ನೋದು ನೆನಪಿರಲಿ. ಒಂದು ಮೆಟ್ಟಿಲು ಇಳಿದರೆ ಆಮ್ಲತೆ 10 ಪಟ್ಟು ಏರುತ್ತದೆ. 0.3 ಇಳಿದರೆ ಎರಡು ಪಟ್ಟು. ಬರೀ 0.1 ಇಳಿದರೂ ಕಾಲುಭಾಗಕ್ಕಿಂತ ತುಸು ಹೆಚ್ಚು.

ಜಗತ್ತಿನ ಸಾಗರಗಳ ಮೇಲ್ಮೈ ನೀರು ಕೈಗಾರಿಕೆಗಳು ಶುರುವಾಗುವ ಮುಂಚೆ ಸರಾಸರಿ 8.2ರ ಹತ್ತಿರ ಇತ್ತು. ಈಗ 8.1ಕ್ಕೆ ಬಂದಿದೆ. ನಾವು ಸುಡುವ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಎಲ್ಲದರಿಂದ ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಗೋಲಿ ಸೋಡಾ ನಾಲಿಗೆಗೆ ಚುರುಕ್ ಅನ್ನೋದು ಇದೇ ಗಾಳಿ ನೀರಲ್ಲಿ ಕರಗಿ ಸಣ್ಣ ಆಮ್ಲ ಆಗುವುದರಿಂದ. ಸಮುದ್ರದಲ್ಲೂ ನಡೆಯೋದು ಅದೇ. ನೀರು ಇನ್ನೂ ಕ್ಷಾರವೇ, ನಾಳೆ ಹುಳಿ ಆಗಿಬಿಡುವುದಿಲ್ಲ. ಆದರೆ ದಿಕ್ಕು ಆಮ್ಲದ ಕಡೆ. ಆಮ್ಲೀಕರಣ ಅನ್ನುವುದು ಈ ದಿಕ್ಕಿಗೆ.

ಇದರ ಮೊದಲ ಪೆಟ್ಟು ಸುಣ್ಣಕ್ಕೆ. ಗಂಗಾವಳಿಯ ಪಕ್ಕದ ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಜನ ಚಿಪ್ಪಿ ಆಯುವುದನ್ನು ನೀವು ನೋಡಿರಬಹುದು. ಆ ಚಿಪ್ಪು ಸುಣ್ಣದ ಅಂಶದಿಂದಲೇ ಕಟ್ಟಿದ್ದು. ನೀರಿನ ಪಿಎಚ್ ಇಳಿದಷ್ಟೂ ಪುಟ್ಟ ಮರಿಗಳಿಗೆ ಚಿಪ್ಪು ಕಟ್ಟಲು ಹೆಚ್ಚು ಶಕ್ತಿ ಬೇಕು. ಅಮೆರಿಕದ ಓರೆಗನ್ ಕರಾವಳಿಯ ಒಂದು ಸಿಂಪಿ ಮರಿ ಸಾಕಣೆ ಕೇಂದ್ರದಲ್ಲಿ 2007ರ ಸುಮಾರಿಗೆ ಮರಿಗಳು ರಾಶಿರಾಶಿ ಸತ್ತವು. ಆಳದಿಂದ ಮೇಲೆದ್ದು ಬಂದ, ಪಿಎಚ್ ಕಡಿಮೆ ಇರುವ ನೀರು ಕಾರಣ ಎಂದು ಆಮೇಲೆ ತಿಳಿಯಿತು. ಈಗ ಅಲ್ಲಿ ನೀರನ್ನು ಅಳೆದು, ಕ್ಷಾರ ಬೆರೆಸಿ ತೊಟ್ಟಿಗೆ ಬಿಡುತ್ತಾರೆ. ಕಲಘಟಗಿ ಹೊಲಕ್ಕೆ ಸುಣ್ಣ ಹಾಕಿದ ಹಾಗೇ. ತೊಟ್ಟಿಗಾದರೆ ಹಾಕಬಹುದು, ಅರಬ್ಬಿ ಸಮುದ್ರಕ್ಕೆ ಯಾರು ಹಾಕುತ್ತಾರೆ?

ಕುಂದಗೋಳ: ಶ್ರುತಿ ಇಳಿಯುವ ಲೆಕ್ಕ

ಮತ್ತೆ ಹುಬ್ಬಳ್ಳಿಗೆ ಬಂದು ಕುಂದಗೋಳದ ದಾರಿ. ಮಣ್ಣು ಕಪ್ಪಾಗುತ್ತಾ ಬಂತು. ಹತ್ತಿ, ಶೇಂಗಾ, ಮೆಣಸಿನ ಗಿಡ. ನಾಡಗೀರ ವಾಡೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ, ಈ ಊರಿನವರು. ಭೀಮಸೇನ ಜೋಶಿ ಇಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು. ಗುರುಗಳ ನೆನಪಿಗೆ ವಾಡೆಯಲ್ಲಿ ಈಗಲೂ ಸಂಗೀತೋತ್ಸವ ನಡೆಯುತ್ತದೆ.

ತಂಬೂರಿಯ ತಂತಿ ಒಮ್ಮೆಲೇ ಶ್ರುತಿ ತಪ್ಪುವುದಿಲ್ಲ. ಇಷ್ಟಿಷ್ಟೇ ಇಳಿಯುತ್ತದೆ. ಸಭೆಯಲ್ಲಿ ಕೆಮ್ಮು, ತಬಲಾ, ಮಾತು ಎಲ್ಲದರ ನಡುವೆ ಆ ಇಳಿತ ನಮ್ಮಂಥವರಿಗೆ ಕೇಳಿಸೋದೇ ಇಲ್ಲ. ಸಮುದ್ರದ ಲೆಕ್ಕದವರ ಕಷ್ಟ ಇದೇ ಜಾತಿಯದು.

ಹವಾಯಿ ಹತ್ತಿರದ ಅಲೋಹಾ ಎಂಬ ಒಂದೇ ಜಾಗದಲ್ಲಿ 1988ರಿಂದ ನೀರು ಅಳೆಯುತ್ತಿದ್ದಾರೆ. ಅಲ್ಲಿ ಪಿಎಚ್ ವರ್ಷಕ್ಕೆ 0.002ಕ್ಕಿಂತ ತುಸು ಕಡಿಮೆ ಇಳಿಯುತ್ತಿದೆ. ನನ್ನ ಕೈಯಲ್ಲಿದ್ದ ಕಾಗದದಲ್ಲಿ ಒಂದು ಬಣ್ಣಕ್ಕೂ ಮುಂದಿನ ಬಣ್ಣಕ್ಕೂ ಅಂತರ 1. ಅಂದರೆ ಈ ಕಾಗದದಲ್ಲಿ ಒಂದು ಬಣ್ಣ ಬದಲಾಗುವುದನ್ನು ನೋಡಲು 500 ವರ್ಷಕ್ಕೂ ಹೆಚ್ಚು ಕಾಯಬೇಕು! ಅದಕ್ಕೇ ವಿಜ್ಞಾನಿಗಳು ನೀರಿಗೆ ಒಂದು ನೇರಳೆ ಬಣ್ಣದ ದ್ರವ ಬೆರೆಸಿ, ಬೆಳಕು ಹಾಯಿಸಿ, ದಶಮಾಂಶದ ಮೂರನೇ ಸ್ಥಾನದವರೆಗೆ ಅಳೆಯುತ್ತಾರೆ.

ಅಳತೆ ಸಿಕ್ಕರೂ ಗದ್ದಲ ಹೋಗುವುದಿಲ್ಲ. ಹವಾಯಿ ಇರೋದು ನಡುಸಾಗರದಲ್ಲಿ. ನಮ್ಮ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಎರಡೂ ಮೂರು ಕಡೆ ನೆಲದಿಂದ ಸುತ್ತುವರಿದ, ಖಂಡದ ಮಗ್ಗುಲಿನ ಸಮುದ್ರಗಳು. ಮನೆ ಪಕ್ಕದ ಹಿತ್ತಲಿದ್ದ ಹಾಗೆ, ಮನೆಯಲ್ಲಿ ನಡೆದದ್ದೆಲ್ಲ ಅಲ್ಲಿ ಗೊತ್ತಾಗುತ್ತದೆ. ಮುಂಗಾರಿನಲ್ಲಿ ನಮ್ಮ ಕರಾವಳಿಯಲ್ಲಿ ಆಳದ ನೀರು ಮೇಲಕ್ಕೆದ್ದು ಬಂದು ಪಿಎಚ್ ತಗ್ಗುತ್ತದೆ. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣೆ ಸಿಹಿನೀರು ಸುರಿದು ಮೇಲೊಂದು ಪದರವನ್ನೇ ಕಟ್ಟುತ್ತವೆ. ಕರಾವಳಿಯಲ್ಲಿ ಋತುವಿನಿಂದ ಋತುವಿಗೆ 0.1, 0.2ರ ಏರಿಳಿತ ಹೊಸದೇನಲ್ಲ.

ಈಗ ಭಾಗಿಸಿ ನೋಡಿ. ವರ್ಷಕ್ಕೆ 0.002 ಇಳಿತ, ಒಂದು ಮಳೆಗಾಲದ ಹೊಯ್ದಾಟ 0.2. ನೂರು ವರ್ಷದ ಇಳಿತದಷ್ಟು ಬದಲಾವಣೆ ಒಂದೇ ವರ್ಷದೊಳಗೆ ಬಂದು ಹೋಗುತ್ತದೆ. ಯಾವುದೋ ಜುಲೈನಲ್ಲಿ ಒಮ್ಮೆ ಅಳೆದು ‘ಅಯ್ಯೋ, ಮುಳುಗಿತು’ ಅಂದರೂ, ಜನವರಿಯಲ್ಲಿ ಅಳೆದು ‘ಏನೂ ಆಗಿಲ್ಲ’ ಅಂದರೂ ಎರಡೂ ಬುಡವಿಲ್ಲದ ಮಾತು.

ಸಂಖ್ಯಾಶಾಸ್ತ್ರದ ಮಾದರಿ ಕೆಲಸಕ್ಕೆ ಬರೋದು ಇಲ್ಲಿ. ಅದು ಮೊದಲು ಋತುವಿನ ಪಾಲನ್ನು ಬೇರೆ ಮಾಡುತ್ತದೆ. ಆಮೇಲೆ ಉಪ್ಪಿನಂಶ, ಬಿಸಿ, ಪಾಚಿ ಇವುಗಳಿಂದ ಆದ ಏರಿಳಿತವನ್ನು ತೆಗೆದಿಡುತ್ತದೆ. ಉಳಿದದ್ದರಲ್ಲಿ ಒಂದೇ ಕಡೆ ವಾಲುವ ಗೆರೆ ಇದೆಯೇ, ಇದ್ದರೆ ಎಷ್ಟು ನಂಬಬಹುದು ಎಂದು ಹೇಳುತ್ತದೆ. ಅಳತೆ ಇಲ್ಲದ ಜಾಗಕ್ಕೆ ಉಪಗ್ರಹ ಕೊಡುವ ಬಿಸಿ, ಬಣ್ಣದ ಮಾಹಿತಿಯಿಂದ ಅಂದಾಜು ತುಂಬುತ್ತದೆ. ಕಚೇರಿಯಲ್ಲಿ ನಾನು ದೀಪಾವಳಿಯ ಆರ್ಡರುಗಳನ್ನು ಬೇರೆ ಮಾಡಿ ನಿಜವಾದ ಬೆಳವಣಿಗೆ ಹುಡುಕುವುದೂ ಹೀಗೇ. ವ್ಯತ್ಯಾಸ ಇಷ್ಟೇ, ನನಗೆ ಪ್ರತಿದಿನದ ಲೆಕ್ಕ ಸಿಗುತ್ತದೆ. ಸಮುದ್ರದವರಿಗೆ ಬಹಳ ಕಡೆ ಹಡಗು ಹೋದಾಗ ಮಾತ್ರ.

ಅಣ್ಣಿಗೇರಿ: ಬರೆದಿಟ್ಟವರ ಊರು

ಒಳರಸ್ತೆಗಳಲ್ಲಿ ಕೇಳಿಕೊಳ್ಳುತ್ತಾ ಅಣ್ಣಿಗೇರಿ ಮುಟ್ಟುವಾಗ ಮಧ್ಯಾಹ್ನ. ಮಿರ್ಚಿ ಭಜಿ, ಗಿರ್ಮಿಟ್, ಚಹಾ ಆದಮೇಲೆ ಅಮೃತೇಶ್ವರ ಗುಡಿ. 11ನೇ ಶತಮಾನದ ಕಲ್ಯಾಣ ಚಾಲುಕ್ಯರ ಕಾಲದ್ದು. ಸಾಲುಸಾಲು ಕಂಬಗಳ ತಂಪಿನಲ್ಲಿ ಕುಳಿತರೆ ಎದ್ದೇಳುವ ಮನಸ್ಸಾಗುವುದಿಲ್ಲ. ಆದಿಕವಿ ಪಂಪನ ಊರು ಎಂಬ ಹೆಮ್ಮೆ ಈ ಊರಿಗೆ. ಹಿಂದೆ ನವಲಗುಂದ ತಾಲ್ಲೂಕಿನಲ್ಲಿದ್ದದ್ದು ಈಗ ತಾನೇ ತಾಲ್ಲೂಕು.

ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ಗೊತ್ತು. ಒಂದು ತುಂಡು ಭೂಮಿ ದಾನ ಕೊಟ್ಟರೂ ಶಕವರ್ಷ, ಮಾಸ, ತಿಥಿ, ವಾರ, ಹೊಲದ ಗಡಿ ಎಲ್ಲ ಬರೆಸುತ್ತಿದ್ದರು. ಎಲ್ಲಿ, ಯಾವಾಗ, ಎಷ್ಟು. ಮುಂದಿನವರು ಬಂದು ತಾಳೆ ನೋಡಲಿ ಎಂದು.

ವಾತಾವರಣದ ಇಂಗಾಲದ ಲೆಕ್ಕ ನಮಗೆ ಸಿಕ್ಕಿರುವುದೂ ಇಂಥದೇ ಹಟದಿಂದ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಶುರು ಮಾಡಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. ಮೊದಲ ಒಂದೆರಡು ವರ್ಷದ ಅಂಕಿ ಮಾತ್ರ ಇದ್ದಿದ್ದರೆ ಋತುಮಾನದ ಏರಿಳಿತದಾಚೆ ಹೆಚ್ಚೇನೂ ಕಾಣುತ್ತಿರಲಿಲ್ಲ.

ನಮ್ಮಲ್ಲೂ ಹಟ ಹಿಡಿದವರಿದ್ದಾರೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಶುರುವಾದದ್ದು 1966ರಲ್ಲಿ. ಅದರ ವಿಜ್ಞಾನಿಗಳು 1990ರ ದಶಕದ ಕೊನೆಯಿಂದ ಗೋವಾದ ಕ್ಯಾಂಡೋಲಿಮ್ ಆಚೆ ಸಮುದ್ರದ ಒಂದೇ ಜಾಗಕ್ಕೆ ಮತ್ತೆ ಮತ್ತೆ ದೋಣಿಯಲ್ಲಿ ಹೋಗಿ ನೀರು ತಂದು ನೋಡಿದ್ದಾರೆ. ಅದೇ ಸಂಸ್ಥೆಯ ವಿಶಾಖಪಟ್ಟಣ ಕೇಂದ್ರದವರು ಎರಡು ದಶಕದ ಅಂತರದಲ್ಲಿ ಬಂಗಾಳ ಕೊಲ್ಲಿಯ ಕರಾವಳಿ ನೀರಿನ ಅಳತೆಗಳನ್ನು ಹೋಲಿಸಿದಾಗ, ಕೆಲವು ಕಡೆ ಇಳಿತ ಜಾಗತಿಕ ಸರಾಸರಿಗಿಂತ ಜೋರಾಗಿತ್ತು. ನೆಲದ ಕಡೆಯಿಂದ ಗಾಳಿಯಲ್ಲಿ ಬರುವ ಗಂಧಕ, ಸಾರಜನಕದ ಮಾಲಿನ್ಯವೂ ಇದಕ್ಕೆ ಕಾರಣ ಎಂದು ಅವರು ತೋರಿಸಿದರು. ಹಿತ್ತಲಿನ ಸಮುದ್ರ ಎಂದಿದ್ದು ಅದಕ್ಕೇ.

ಗದ್ದಲದೊಳಗಿಂದ ನಿಜವಾದ ಇಳಿತ ಎದ್ದು ಕಾಣಲು ಎಷ್ಟು ವರ್ಷದ ದಾಖಲೆ ಬೇಕು? ಅಮೆರಿಕದ ಸಂಶೋಧಕರು ಹತ್ತಾರು ಕಡೆ ಲಂಗರು ಹಾಕಿದ ಬೋಯ್‌ಗಳ ಮಾಹಿತಿ ಇಟ್ಟುಕೊಂಡು 2019ರಲ್ಲಿ ಲೆಕ್ಕ ಹಾಕಿದ್ದರು. ತೆರೆದ ಸಾಗರದಲ್ಲಿ 8ರಿಂದ 15 ವರ್ಷ. ಕರಾವಳಿಯಲ್ಲಿ 16ರಿಂದ 41 ವರ್ಷ. ಓದಿ ಸುಮ್ಮನೆ ಕೂತೆ. ಕರಾವಳಿಯ ಕೆಲವು ಕಡೆ, ಈಗ ಕೆಲಸಕ್ಕೆ ಸೇರಿದ ವಿಜ್ಞಾನಿ ನಿವೃತ್ತಿಯಾದರೂ ಉತ್ತರ ಬಂದಿರಲಿಕ್ಕಿಲ್ಲ. ನಡುವೆ ಒಂದೆರಡು ವರ್ಷ ಹಣ ಇಲ್ಲವೆಂದು ದೋಣಿ ನಿಂತರೆ, ಕಾದದ್ದರ ಬೆಲೆ ಅಷ್ಟಕ್ಕಷ್ಟೆ.

ನವಲಗುಂದ: ಮೂರು ಚೀಟಿ

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ಕಣ್ಣಿಗೆ ಅಡ್ಡ ಬರುವ ಗುಡ್ಡವೇ ಅಪರೂಪ. ಎರೆಹೊಲ, ಮೇಲೆ ಆಕಾಶ. ಕೆಲವು ಹೊಲದಲ್ಲಿ ಕಡಲೆ ಬಿತ್ತನೆ ನಡೆದಿತ್ತು. ಬೆಣ್ಣಿಹಳ್ಳ ಕೆಳಗೆ ಮಣ್ಣುಬಣ್ಣದ ನೀರು ಹೊತ್ತು ಸುಮ್ಮನೆ ಹರಿಯುತ್ತಿತ್ತು. ಮುನಿದರೆ ಊರನ್ನೇ ನಡುಗಡ್ಡೆ ಮಾಡುವ ಹಳ್ಳ ಇದೇನಾ ಅನ್ನಿಸಬೇಕು, ಹಾಗೆ.

ಮರುದಿನ ಸೀಗಿ ಹುಣ್ಣಿಮೆ. ಟ್ರ್ಯಾಕ್ಟರಿನಲ್ಲಿ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ. ಐದು ಕಲ್ಲಿಟ್ಟು ಪೂಜೆ, ಚರಗ ಚೆಲ್ಲಿ ಬಂದು ಬನ್ನಿ ಗಿಡದ ನೆರಳಲ್ಲಿ ಊಟ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಕಡುಬು. ಊಟ ಆದಮೇಲೆ ನಾನು ಲೋಟ ತೆಗೆದು ಎರೆಮಣ್ಣು ಕಲಸಿ ಕಾಗದ ಅದ್ದಿದೆ. ಹಸಿರು ದಾಟಿ ನೀಲಿಯ ಕಡೆ ಹೋಯಿತು, 8ಕ್ಕೂ ಮೇಲೆ. ಕಾಕಾ ಅದನ್ನು ನೋಡಿ ಅಂಗಿಯ ಜೇಬಿನಿಂದ ಮಡಚಿದ ಮೂರು ಚೀಟಿ ತೆಗೆದರು.

“ತಮ್ಮಾ, ಒಂದ ಹೊಲ, ಮೂರು ಚೀಟಿ, ಮೂರು ನಂಬರು. ಇದರಾಗ ಖರೇ ಯಾವುದು?”

ಹಳೆಯದರಲ್ಲಿ 8.1. ನಡುವಿನದರಲ್ಲಿ 8.4. ಹೊಸದರಲ್ಲಿ 8.7. ನೆಲ ಕೆಟ್ಟು ಸವಳಾಗುತ್ತಿದೆ, ಆರೂ ಎಕರೆಗೆ ಜಿಪ್ಸಮ್ ಹಾಕಿಸಬೇಕು ಎಂದು ಯಾರೋ ಹೇಳಿದ್ದರಂತೆ. ಹೆಸರುಕಾಳು ಮಾರಿ ಬಂದ ದುಡ್ಡು ಕೈಯಲ್ಲಿತ್ತು. ಅದರಲ್ಲಿ ಕಡಲೆ ಬೀಜ ತರಬೇಕಿತ್ತು, ಮಗಳ ಕಾಲೇಜಿನ ಫೀ ಕಟ್ಟಬೇಕಿತ್ತು. ಅದಕ್ಕೇ ಕೇಳಿದ್ದು.

“ಮೂರೂ ಖರೇ ಇರಬಹುದು ಕಾಕಾ. ಮಣ್ಣು ಎಲ್ಲಿಂದ ತಗೊಂಡಿದ್ರಿ?”

“ಮೊದಲನೇದ್ದು ಮ್ಯಾಲಿನ ಬದುವಿನ ಕಡಿಂದ. ಎರಡನೇದ್ದು ನಡು ಹೊಲದಾಗಿಂದ. ಇದು ಕೆಳಗ, ಕಾಲುವಿ ನೀರು ನಿಂದ್ರತೈತಲ್ಲ, ಅಲ್ಲಿಂದ.”

“ಯಾವಾಗ?”

“ಒಮ್ಮೆ ಮಳಿ ಆದಮ್ಯಾಲ. ಎರಡು ಸಲ ಬ್ಯಾಸಗ್ಯಾಗ.”

ಮೂರು ಚುಕ್ಕೆ ಇಟ್ಟು ಗೆರೆ ಎಳೆದರೆ ಚಂದ ಕಾಣುತ್ತದೆ, ಏರುತ್ತಲೇ ಹೋಗುತ್ತದೆ. ಅದೇ ಗೆರೆಯನ್ನು ಮುಂದಿನ ಎಂಟ್ಹತ್ತು ಚೀಟಿಯವರೆಗೆ ಎಳೆದರೆ ಈ ಹೊಲದ ಮಣ್ಣು ಬಟ್ಟೆ ಸೋಡಾಕ್ಕೆ ಸಮ ಆಗಬೇಕು. ಆಗುವುದಿಲ್ಲ. ಚೀಟಿಗಳು ಹೇಳುತ್ತಿದ್ದದ್ದು ವರ್ಷದಿಂದ ವರ್ಷಕ್ಕೆ ಆದ ಬದಲಾವಣೆಯನ್ನೋ, ಮೇಲಿನ ಹೊಲಕ್ಕೂ ಕೆಳಗಿನ ಹೊಲಕ್ಕೂ ಮೊದಲಿನಿಂದ ಇದ್ದ ವ್ಯತ್ಯಾಸವನ್ನೋ, ಆ ಮೂರರಿಂದಲೇ ಬಿಡಿಸಲು ಬರುವುದಿಲ್ಲ. ನೀರು ನಿಲ್ಲುವ ತಗ್ಗಿನಲ್ಲಿ ಸವಳು ಹೆಚ್ಚುವುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಸಮುದ್ರದ ಹಳೇ ಅಳತೆಗಳ ಗೋಳೂ ಇದೇ. ಒಂದು ಹಡಗು ಮೇ ತಿಂಗಳಲ್ಲಿ ದಡದ ಹತ್ತಿರ ಹೋಗಿರುತ್ತದೆ, ಇನ್ನೊಂದು ಡಿಸೆಂಬರಿನಲ್ಲಿ ನಡುನೀರಿಗೆ. ಜಾಗ, ತಿಂಗಳು, ಉಪಕರಣ ಮೂರನ್ನೂ ಬಿಡಿಸದೆ ಗೆರೆ ಎಳೆದರೆ ಎಂಥ ದೊಡ್ಡ ಕಂಪ್ಯೂಟರೂ ಕಾಕಾನ ಚೀಟಿಯ ಉತ್ತರವನ್ನೇ ಕೊಡುತ್ತದೆ.

ಕೊನೆಗೆ ಹೀಗೆ ಒಪ್ಪಂದವಾಯಿತು. ಮೇಲೊಂದು, ನಡುವೊಂದು, ತಗ್ಗಿನಲ್ಲೊಂದು, ಮೂರು ಕಡೆ ಕಲ್ಲು ನೆಡುವುದು. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅಲ್ಲಿಂದಲೇ, ಒಂದೇ ಆಳದ ಮಣ್ಣು ತೆಗೆದು ಒಂದೇ ಕಡೆ ಪರೀಕ್ಷೆ ಮಾಡಿಸುವುದು. ಜಿಪ್ಸಮ್ ಬೇಕೋ ಬೇಡವೋ ಎಂದು ಮೊದಲು ತಗ್ಗಿನ ತುಣುಕಿಗಷ್ಟೇ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳುವುದು. ಆರು ಎಕರೆಯ ಖರ್ಚು ಸದ್ಯಕ್ಕೆ ನಿಂತಿತು.

ಆಮೇಲೆ ಸಮುದ್ರದ ಮಾತು ತೆಗೆದೆ. ಕಾಕಾ ನಕ್ಕರು.

“ನಮ್ಮ ಹೋರಾಟ ಏನು? ಮಹದಾಯಿ ನೀರು ಸುಮ್ನ ಸಮುದ್ರಕ್ಕ ಹೋಗತೈತಿ, ನಮಗ ಕೊಡ್ರಿ ಅಂತ. ನೀ ನೋಡಿದ್ರ ಸಮುದ್ರದ ಚಿಂತಿ ಮಾಡಾಕತ್ತಿ.”

ಕುಡಿಯುವ ನೀರಿಗೇ ಕೆರೆ ನೋಡಿಕೊಂಡು ಕೂರುವ ನೆಲದಲ್ಲಿ ಆ ಮಾತಿಗೆ ಎದುರಾಡುವುದು ಸುಲಭವಲ್ಲ. ಆದರೂ ಹೇಳಿದೆ. ನಿಮ್ಮ ಮಳೆ ಹೊರಟು ಬರೋದು ಅಲ್ಲಿಂದಲೇ ಕಾಕಾ. ನೀವು ಹಾಕಿದ ಸರಕಾರಿ ಗೊಬ್ಬರದಲ್ಲಿ ಬೆಳೆ ತಿಂದು ಉಳಿದದ್ದು ಸ್ವಲ್ಪವಾದರೂ ಹಳ್ಳಕ್ಕೆ ಇಳಿಯುತ್ತದೆ.

“ನಮ್ಮ ಯೂರಿಯಾ ಬಂಗಾಳ ಕೊಲ್ಲಿತನಕ ಹೋಗತೈತೇನು?”

ನಿಮ್ಮೊಬ್ಬರದು ಲೆಕ್ಕಕ್ಕೆ ಬರುವುದಿಲ್ಲ. ನಡುವೆ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಅಂತ ಅಣೆಕಟ್ಟುಗಳಿವೆ. ಆದರೆ ಚೀನಾದ ಪೂರ್ವ ಕಡಲಲ್ಲಿ, ಮೆಕ್ಸಿಕೊ ಕೊಲ್ಲಿಯಲ್ಲಿ ಲಕ್ಷಾಂತರ ಹೊಲದ ಗೊಬ್ಬರ ನದಿಗಳಲ್ಲಿ ಬಂದು ಪಾಚಿ ಬೆಳೆಸಿ, ಆ ಪಾಚಿ ಕೊಳೆತು ತಳದ ನೀರನ್ನು ಇನ್ನಷ್ಟು ಆಮ್ಲದ ಕಡೆ ತಳ್ಳಿದ್ದನ್ನು ಅಳೆದು ತೋರಿಸಿದ್ದಾರೆ. ದೊಡ್ಡ ಪಾಲು ಮಾತ್ರ ಹೊಗೆಯದೇ. ಅದರಲ್ಲಿ ನಾನು ಬಂದ ಸ್ಕೂಟರಿನದೂ ಇದೆ, ಬೆಂಗಳೂರಿನದಂತೂ ಇದ್ದೇ ಇದೆ.

“ಎರಿ ಮಣ್ಣಾಗ ಸುಣ್ಣದ ಹರಳು ಇರತಾವ. ಎಷ್ಟು ಹುಳಿ ಹಾಕಿದ್ರೂ ತಡಕೋತೈತಿ. ಸಮುದ್ರಕ್ಕ ಅದು ಇಲ್ಲೇನು?” ಎಂದರು ಕಾಕಾ.

ಇದೆ. ಸಮುದ್ರದಲ್ಲೂ ಸುಣ್ಣದ ಬಳಗದ ಕಾರ್ಬೊನೇಟ್ ಕರಗಿಕೊಂಡಿದೆ. ಅದಕ್ಕೇ ಇಷ್ಟು ಹೊಗೆ ಹೀರಿಯೂ 0.1 ಮಾತ್ರ ಇಳಿದದ್ದು. ಆದರೆ ತಡೆದಷ್ಟೂ ಅದು ಖರ್ಚಾಗುತ್ತದೆ. ಖರ್ಚಾದಷ್ಟೂ ಮುಂದಿನ ಹೊಗೆಗೆ ಹೆಚ್ಚು ಇಳಿತ. ಆದ್ದರಿಂದಲೇ ಹಿಂದಿನ ಮೂವತ್ತು ವರ್ಷದ ಗೆರೆಯನ್ನು ಸ್ಕೇಲ್ ಇಟ್ಟು 2100ಕ್ಕೆ ಎಳೆದರೆ ಸಾಲುವುದಿಲ್ಲ. ಸಂಖ್ಯಾಶಾಸ್ತ್ರದ ಜೊತೆ ರಸಾಯನಶಾಸ್ತ್ರವೂ ಬೇಕು. ಅಷ್ಟೇ ಮುಖ್ಯವಾಗಿ, ನಾವು ಎಷ್ಟು ಸುಡುತ್ತೇವೆ ಎಂಬ ಊಹೆಯೂ ಬೇಕು. ಹೊಗೆ ಬೇಗ ತಗ್ಗಿದರೆ ಶತಮಾನದ ಕೊನೆಗೆ ಸಾಗರದ ಸರಾಸರಿ ಪಿಎಚ್ 8.0ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೀಗೇ ಏರುತ್ತಾ ಹೋದರೆ 7.7ರ ಹತ್ತಿರಕ್ಕೆ. ಎರಡರ ನಡುವಿನ ಅಂತರ 0.3, ಅಂದರೆ ಆಮ್ಲತೆ ಎರಡು ಪಟ್ಟು. ಯಾವ ಗೆರೆ ಎಂಬುದನ್ನು ಮಾದರಿ ಆರಿಸುವುದಿಲ್ಲ, ನಮ್ಮ ಹೊಗೆ ಆರಿಸುತ್ತದೆ.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂಜೆ ಮನೆಗೆ ಬಂದಮೇಲೆ ಬೀಜ–ಗೊಬ್ಬರದ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆ ತೆಗೆದು ಮೂರು ಕಂಬ ಎಳೆದರು. ಮ್ಯಾಲ, ನಡುವ, ಕೆಳಗ. ಎಡಕ್ಕೆ ವರ್ಷ ಬರೆಯುತ್ತಾ ಹೋಗಿ, ಹಾಳೆ ತುಂಬಿದ ಮೇಲೆ ನಿಲ್ಲಿಸಿದರು. ಎಣಿಸಿದೆ, ಇಪ್ಪತ್ತೆರಡು ಸಾಲು.

“ಕಡೀ ಸಾಲು ತುಂಬೂದು ನಿನ್ನ ಕೆಲಸ” ಎಂದರು.

ಹೋಗಬೇಕು ಅನ್ನಿಸಿದವರಿಗೆ

ನಾಲ್ಕೂ ಊರು ಹುಬ್ಬಳ್ಳಿಯಿಂದ ಸುಮಾರು 40 ಕಿ.ಮೀ. ಒಳಗೇ ಇವೆ, ಬಸ್ಸಿಗೆ ಕೊರತೆಯಿಲ್ಲ. ಕುಂದಗೋಳ, ಅಣ್ಣಿಗೇರಿಗೆ ರೈಲೂ ಇದೆ. ಅಕ್ಟೋಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ, ಎರೆಹೊಲ ಹಸಿರಾಗಿರುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಸ್ಕೂಟರ್ ಇಳಿಸಬೇಡಿ, ಚಕ್ರ ತಿರುಗುವುದಿಲ್ಲ. ಕಲಘಟಗಿಯಲ್ಲಿ ತೊಟ್ಟಿಲು, ನವಲಗುಂದದಲ್ಲಿ ಹೆಣ್ಣುಮಕ್ಕಳು ನೇಯುವ ಜಮಖಾನ ನೋಡಿ ಬನ್ನಿ. ಪಿಎಚ್ ಕಾಗದ ಒಯ್ಯುವುದಾದರೆ ನಲ್ಲಿ ನೀರು ಬೇಡ, ಬ್ಯಾಟರಿ ನೀರೇ ಇರಲಿ. ಯಾವ ಜಾಗ, ಯಾವ ತಾರೀಖು, ಎಷ್ಟು ಆಳ ಅನ್ನೋದನ್ನ ಅಲ್ಲೇ ಬರೆದುಕೊಳ್ಳಿ.